ಕಿರುಕುಳಕ್ಕೆ ಬೇಸತ್ತು ಕೆಲಸ ಬಿಟ್ಟರೆ ಭತ್ಯೆ ಸಿಗುವುದೇ?

ಆದೋನಿ: ಮಾಲೀಕರ ಇಲ್ಲವೇ ಮೇಸ್ತ್ರಿಯ ಕಿರುಕುಳ ತಾಳಲಾರದೆ ಕೆಲಸ ಬಿಡುವವರು ರಾಜೀನಾಮೆಗೆ ಸಹಿ ಹಾಕುವ ಮುನ್ನ ಈ ಸಂಗತಿಗಳನ್ನು ತಿಳಿದಿರಬೇಕು.

ಇಎಸ್‌ಐ ಭತ್ಯೆ: ಇಎಸ್‌ಐ ವಿಮೆಯುಳ್ಳವರಿಗಾಗಿ 2018ರ ಜುಲೈ 1ರಂದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಆರಂಭವಾಯಿತು. ಕೆಲಸ ಕಳೆದುಕೊಂಡವರಿಗೆ ಸರಾಸರಿ ದಿನಗೂಲಿಯ ಶೇ. 25ರಷ್ಟಿದ್ದ ಪರಿಹಾರ 2020ರಲ್ಲಿ ಶೇ. 50ಕ್ಕೆ ಏರಿತು. ಗರಿಷ್ಠ 90 ದಿನ, ಜೀವನದಲ್ಲಿ ಒಮ್ಮೆ ಮಾತ್ರ. ಸ್ವಯಂ ನಿವೃತ್ತರಿಗೆ, ದುರ್ನಡತೆಗಾಗಿ ವಜಾ ಆದವರಿಗೆ ಇದಿಲ್ಲ. ಕಿರುಕುಳದಿಂದ ಬಿಟ್ಟವರಿಗೆ ಪ್ರತ್ಯೇಕ ವಿನಾಯಿತಿಯೂ ಇಲ್ಲ. ಯೋಜನೆಯ ಅವಧಿ ಆಗಾಗ ವಿಸ್ತರಣೆಯಾಗುವುದರಿಂದ ಮೊದಲು ಇಎಸ್‌ಐ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಹತ್ತಿ ಗಿರಣಿ: ಹತ್ತಿಯಿಂದ ಬೀಜ ಬಿಡಿಸುವ, ಪ್ರೆಸ್ ಮಾಡುವ ಕೆಲಸವಷ್ಟೇ ನಡೆಯುವ ಗಿರಣಿಗಳು ಕಾನೂನಿನಲ್ಲಿ ಹಂಗಾಮಿನ ಕಾರ್ಖಾನೆಗಳು. ಅವುಗಳಿಗೆ ಇಎಸ್‌ಐ ಅನ್ವಯಿಸದು, ಹೀಗಾಗಿ ಭತ್ಯೆಯೂ ಇಲ್ಲ. ಗಡಿಯಾಚೆ ಬಳ್ಳಾರಿ, ರಾಯಚೂರಿನಲ್ಲೂ ಇದೇ ನಿಯಮ.

ಬಿಟ್ಟರೂ ಸಿಗುವುದು: 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವರಿಗೆ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಮಹಿಳೆಯರಿಗೆ: ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರಬೇಕು. ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆ ಕೇಳಲು ಅವಕಾಶವಿದೆ. ಆದ್ದರಿಂದ ಮೊದಲು ದೂರು, ಆಮೇಲೆ ರಾಜೀನಾಮೆಯ ಯೋಚನೆ.