ಶೀಟ್ ಮನೆಗೆ ಫಾಯಿಲ್: ಹೊಳೆಯುವ ಮೈ ಮೇಲಕ್ಕಿರಬೇಕೋ, ಕೆಳಕ್ಕೋ?

ಬಿಸಿಲನ್ನು ತಡೆಯಬೇಕಾದರೆ ಫಾಯಿಲ್‌ನ ಹೊಳಪು ಮೇಲಕ್ಕೇ ಇರಬೇಕು ಎಂದು ಹಲವರು ನಂಬುತ್ತಾರೆ. ಇದು ಪೂರ್ತಿ ನಿಜವಲ್ಲ.

ಕೆಜಿಎಫ್‌ನ ಊರಿಗಾಂ, ಮಾರಿಕುಪ್ಪಂ ಕಡೆಯ ಗಣಿ ಕಾರ್ಮಿಕರ ಲೈನ್ ಮನೆಗಳನ್ನೇ ನೋಡಿ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕುಟುಂಬಗಳು ಅಲ್ಲೇ ಇವೆ. ಹಲವು ಮನೆಗಳಿಗೆ ಶೀಟೇ ಚಾವಣಿ. ಬೇಸಿಗೆಯ ಮಧ್ಯಾಹ್ನ ಶೀಟು 60 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯಬಲ್ಲದು. ಆ ಶಾಖ ಹೆಚ್ಚಾಗಿ ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಕೆಳಗಿಳಿಯುತ್ತದೆ.

ಹೊಳೆಯುವ ಅಲ್ಯೂಮಿನಿಯಂ ಈ ಕಿರಣಗಳಲ್ಲಿ ಸುಮಾರು ಶೇ. 95ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ತಾನೇ ಕಾದರೂ ಅದು ಹೊರಸೂಸುವ ಕಿರಣ ಅಷ್ಟೇ ಕಡಿಮೆ. ಹಾಗಾಗಿ ಹೊಳಪು ಎತ್ತ ಇದ್ದರೂ ಕೆಲಸ ನಡೆಯುತ್ತದೆ. ಆದರೆ ಆ ಮೈ ಮುಂದೆ ಗಾಳಿಯ ಅಂತರ ಇರಲೇಬೇಕು. ಶೀಟಿಗೂ ಪ್ಲೈವುಡ್‌ಗೂ ನಡುವೆ ಒತ್ತಿ ಕೂರಿಸಿದರೆ ಶಾಖ ನೇರವಾಗಿ ದಾಟುತ್ತದೆ, ಫಾಯಿಲ್ ವ್ಯರ್ಥ.

ಮೇಲ್ಮುಖದ ಹೊಳಪಿಗೆ ಧೂಳೇ ಶತ್ರು. ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಹಾರುವ ಕೆಜಿಎಫ್‌ನಲ್ಲಂತೂ ಅದು ಬೇಗ ಮಂಕಾಗುತ್ತದೆ. ಆದ್ದರಿಂದ ಹೊಳಪು ಕೆಳಕ್ಕಿರುವುದೇ ಲೇಸು.

ಎಚ್ಚರಿಕೆ: ಫಾಯಿಲ್ ವಿದ್ಯುತ್ ವಾಹಕ. ಆಸ್ಟ್ರೇಲಿಯಾದಲ್ಲಿ ಫಾಯಿಲ್ ಹೊದಿಸುವಾಗ ಕೆಲಸಗಾರರು ವಿದ್ಯುತ್ ತಗುಲಿ ಸತ್ತ ಬಳಿಕ, 2010ರಲ್ಲಿ ಸರ್ಕಾರಿ ಯೋಜನೆಯಿಂದ ಅದನ್ನು ಕೈಬಿಡಲಾಯಿತು. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಹಳೆಯ ವೈರಿಂಗ್ ಪರೀಕ್ಷಿಸಿ, ತಂತಿಗೆ ತಾಗದಂತೆ ಕಟ್ಟಿಸಿ.

ಅಷ್ಟು ಖರ್ಚು ಬೇಡವೆಂದರೆ ಶೀಟಿನ ಮೇಲೆ ಬಿಳಿ ಬಣ್ಣ ಬಳಿಯಿರಿ. ಶೀಟು ಕಾಯುವುದೇ ಕಡಿಮೆಯಾಗುತ್ತದೆ.