ಮಳೆಮಾಪಕಗಳು ವಿರಳವಾದ ಪ್ರದೇಶಗಳಲ್ಲಿ ಮಳೆಯ ತೀವ್ರತೆಯ ಅಂದಾಜು: ಘಟ್ಟ ಮತ್ತು ಬಯಲುಸೀಮೆಯ ತೌಲನಿಕ ವಿವೇಚನೆ

1. ಪೀಠಿಕೆ

ರಸ್ತೆಯ ಮೋರಿ, ಊರಿನ ಚರಂಡಿ, ಹೊಲದ ಬದು ಇವುಗಳ ಅಳತೆಯನ್ನು ನಿರ್ಧರಿಸುವುದು ವರ್ಷದ ಒಟ್ಟು ಮಳೆಯಲ್ಲ, ಗಂಟೆ ಅರ್ಧ ಗಂಟೆಯಲ್ಲಿ ಸುರಿಯುವ ಮಳೆ. ಆದರೆ ನಮ್ಮಲ್ಲಿ ಹಲವು ದಶಕಗಳ ದಾಖಲೆ ಸಿಗುವುದು ಹೆಚ್ಚಾಗಿ ಬೆಳಿಗ್ಗೆ 8.30ಕ್ಕೆ ಅಳೆದ ದಿನದ ಮಳೆಗೆ ಮಾತ್ರ. ವಿಶ್ವ ಹವಾಮಾನ ಸಂಸ್ಥೆಯ ಕನಿಷ್ಠ ಮಾನದಂಡದ ಪ್ರಕಾರ ಪರ್ವತ ಪ್ರದೇಶದಲ್ಲಿ 250 ಚದರ ಕಿ.ಮೀ.ಗೆ ಒಂದು ಸಾಮಾನ್ಯ ಮಳೆಮಾಪಕವಿರಬೇಕು. ಗಂಟೆಗಂಟೆಯ ಮಳೆಯನ್ನು ತಾನೇ ದಾಖಲಿಸುವ ಮಾಪಕ 2,500 ಚದರ ಕಿ.ಮೀ.ಗೆ ಒಂದಿದ್ದರೂ ಸಾಕು. ಹೀಗಾಗಿ ಮಾನದಂಡ ಪಾಲಿಸಿದ ಕಡೆಯೂ ತೀವ್ರತೆಯ ಮಾಹಿತಿ ಹತ್ತರಲ್ಲಿ ಒಂದು ಪಾಲು. ಉಳಿದೆಡೆ ದಿನದ ಮಳೆಯಿಂದಲೇ ತೀವ್ರತೆಯನ್ನು ಲೆಕ್ಕ ಹಾಕಬೇಕಾಗುತ್ತದೆ. ಈ ಲೆಕ್ಕಕ್ಕೆ ಎಲ್ಲ ಪ್ರದೇಶಗಳಿಗೂ ಎಲ್ಲ ಋತುಗಳಿಗೂ ಒಂದೇ ಸೂತ್ರ ಸಲ್ಲದು ಎಂಬುದು ಈ ಲೇಖನದ ವಾದ.

2. ರೂಢಿಯ ಸೂತ್ರ ಮತ್ತು ಅದರ ಮಿತಿ

ಭಾರತದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಹವಾಮಾನ ಇಲಾಖೆಯ ಸೂತ್ರದಲ್ಲಿ ಅಲ್ಪಾವಧಿಯ ಮಳೆಯೆಂದರೆ 24 ಗಂಟೆಯ ಮಳೆಯನ್ನು (ಅವಧಿ/24)ರ ಘನಮೂಲದಿಂದ ಗುಣಿಸಿದಾಗ ಬರುವ ಮೊತ್ತ. ಇಲ್ಲಿ ಘಾತಸೂಚಿ 1/3. ಒಂದು ಗಂಟೆಗೆ ದಿನದ ಮಳೆಯ ಶೇ. 35ರಷ್ಟು, ಮೂರು ಗಂಟೆಗೆ ಸರಿಯಾಗಿ ಅರ್ಧ ಬರುತ್ತದೆ. ಮಳೆ ದಿನವಿಡೀ ಒಂದೇ ಸಮನೆ ಸುರಿದರೆ ಈ ಘಾತಸೂಚಿ 1 ಆಗುತ್ತದೆ. ಒಂದೇ ಬಿರುಸಿನಲ್ಲಿ ಸುರಿದು ನಿಂತರೆ ಸೊನ್ನೆಯತ್ತ ಸರಿಯುತ್ತದೆ.

ಎರಡು ಕಲ್ಪಿತ ದಿನಗಳನ್ನು ಪರಿಶೀಲಿಸೋಣ. ಬಯಲುಸೀಮೆಯಲ್ಲಿ ಭರಣಿ ಮಳೆಯ ಒಂದು ಸಂಜೆ ಗುಡುಗು ಸಹಿತ 60 ಮಿ.ಮೀ. ಮಳೆ ಒಂದೇ ಗಂಟೆಯಲ್ಲಿ ಸುರಿಯಿತು ಎನ್ನೋಣ. ಸೂತ್ರ ಕೊಡುವ ಅಂದಾಜು 21 ಮಿ.ಮೀ. ಮಾತ್ರ. ಇದನ್ನು ನಂಬಿ ಕಟ್ಟಿದ ಮೋರಿ ಬೇಕಾದುದರ ಮೂರನೇ ಒಂದು ಪಾಲು ನೀರನ್ನಷ್ಟೇ ಸಾಗಿಸುತ್ತದೆ. ಇನ್ನೊಂದೆಡೆ, ಆಗುಂಬೆಯಂಥ ಘಟ್ಟದ ನೆತ್ತಿಯಲ್ಲಿ ಪುನರ್ವಸು ಮಳೆ ಹಗಲಿರುಳು ಹಿಡಿದು 240 ಮಿ.ಮೀ. ಆಯಿತು ಎನ್ನೋಣ. ಸೂತ್ರದಂತೆ ಗರಿಷ್ಠ ಗಂಟೆಯ ಮಳೆ 83 ಮಿ.ಮೀ.; ಘಾತಸೂಚಿಯನ್ನು 0.6 ಎಂದು ಹಿಡಿದರೆ 36 ಮಿ.ಮೀ. ಸಣ್ಣ ಜಲಾನಯನಗಳಲ್ಲಿ ನೆರೆಯ ಹರಿವು ತೀವ್ರತೆಗೆ ನೇರ ಅನುಪಾತದಲ್ಲಿರುವುದರಿಂದ ಈ ವ್ಯತ್ಯಾಸ ಕಾಮಗಾರಿಯ ವೆಚ್ಚಕ್ಕೂ ಸುರಕ್ಷತೆಗೂ ನೇರವಾಗಿ ತಟ್ಟುತ್ತದೆ.

3. ಪೂರಕ ಆಕರಗಳು

2014ರ ಫೆಬ್ರವರಿಯಲ್ಲಿ ಹಾರಿಬಿಟ್ಟ, ಮಳೆ ಅಳೆಯುವ ಜಿಪಿಎಂ ಉಪಗ್ರಹವನ್ನು ಆಧರಿಸಿದ ಐಮರ್ಜ್ ಎಂಬ ದತ್ತಾಂಶ ಸುಮಾರು 11 ಕಿ.ಮೀ. ಚೌಕಕ್ಕೆ ಅರ್ಧ ಗಂಟೆಗೊಂದು ಅಂದಾಜು ನೀಡುತ್ತದೆ. ಆದರೆ ಘಟ್ಟದ ಮುಂಗಾರು ಮೋಡಗಳು ಅನೇಕ ವೇಳೆ ಹೆಚ್ಚು ಎತ್ತರಕ್ಕೆ ಬೆಳೆಯದೆ, ಮಂಜುಗಡ್ಡೆಯ ಹರಳುಗಳು ವಿರಳವಾಗಿರುವಾಗಲೇ ಧಾರಾಕಾರ ಸುರಿಸುತ್ತವೆ. ಮೋಡದ ನೆತ್ತಿಯ ತಂಪನ್ನೂ ಹರಳುಗಳು ಚದುರಿಸುವ ಸೂಕ್ಷ್ಮ ತರಂಗಗಳನ್ನೂ ನೆಚ್ಚಿದ ವಿಧಾನಗಳು ಅಲ್ಲಿ ಮಳೆಯನ್ನು ಕಡಿಮೆ ತೋರಿಸುತ್ತವೆ. ಆದ್ದರಿಂದ ಉಪಗ್ರಹದಿಂದ ಮಳೆಯ ಪ್ರಮಾಣಕ್ಕಿಂತ ಅದರ ಗಂಟೆವಾರು ಹಂಚಿಕೆಯನ್ನು ಪಡೆದು, ಪ್ರಮಾಣವನ್ನು ನೆಲದ ಮಾಪಕದಿಂದ ತೆಗೆದುಕೊಳ್ಳುವುದು ಉಚಿತ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಆದರೆ 50 ವರ್ಷಕ್ಕೊಮ್ಮೆ ಮರುಕಳಿಸುವ ಮಳೆಯನ್ನು ಅಂದಾಜಿಸಲು ಇಂಥ ಒಂದು ಹೊಸ ಮಾಪಕದ ದಾಖಲೆ ಸಾಲದು; ಏಕರೂಪದ ವಲಯದ ಹಲವು ಮಾಪಕಗಳ ದಾಖಲೆಯನ್ನು ಒಗ್ಗೂಡಿಸಬಹುದು. ಇದಕ್ಕೆ ಹಾಸ್ಕಿಂಗ್ ಮತ್ತು ವಾಲಿಸ್ 1997ರಲ್ಲಿ ವಿಶದಪಡಿಸಿದ ಎಲ್-ಮೊಮೆಂಟ್ ಎಂಬ ಸಂಖ್ಯಾಶಾಸ್ತ್ರೀಯ ಅಳತೆಗಳನ್ನು ಆಧರಿಸಿದ ಪ್ರಾದೇಶಿಕ ವಿಶ್ಲೇಷಣೆ ನೆರವಾಗುತ್ತದೆ. ಆದರೆ ಒಂದೇ ಬಿರುಮಳೆ ಅಕ್ಕಪಕ್ಕದ ಮಾಪಕಗಳಲ್ಲೆಲ್ಲ ದಾಖಲಾಗುವುದರಿಂದ ಅವುಗಳ ದಾಖಲೆಗಳನ್ನು ಪರಸ್ಪರ ಸ್ವತಂತ್ರವೆಂದು ಎಣಿಸುವಂತಿಲ್ಲ.

4. ಉಪಸಂಹಾರ

ಘಾತಸೂಚಿಯನ್ನು ಕರಾವಳಿ, ಘಟ್ಟ, ಅರೆಮಲೆನಾಡು, ಬಯಲುಸೀಮೆ ಎಂದು ವಲಯವಾರು, ಮುಂಗಾರು ಪೂರ್ವ, ಮುಂಗಾರು, ಹಿಂಗಾರು ಎಂದು ಋತುವಾರು ಟೆಲಿಮೆಟ್ರಿಕ್ ದಾಖಲೆಯಿಂದ ನಿರ್ಧರಿಸಿ, ಹಳೆಯ ದಿನವಾರು ದಾಖಲೆಗೆ ಅನ್ವಯಿಸಬೇಕು. ದೀರ್ಘಾವಧಿಯ ಬಲ ಹಳೆಯ ಮಾಪಕಗಳದು, ಸೂಕ್ಷ್ಮತೆಯ ಬಲ ಹೊಸ ಮಾಪಕಗಳದು. ಎರಡನ್ನೂ ಜೋಡಿಸಿದರೆ ಮಾತ್ರ ಅಂದಾಜು ನಂಬಲರ್ಹವಾಗುತ್ತದೆ. ಈ 15 ನಿಮಿಷದ ದಾಖಲೆಯನ್ನು ಗುಣಪರೀಕ್ಷೆಗೆ ಒಳಪಡಿಸಿ, ಸಂಶೋಧಕರಿಗೂ ಸ್ಥಳೀಯ ಎಂಜಿನಿಯರುಗಳಿಗೂ ಮುಕ್ತವಾಗಿ ಒದಗಿಸುವುದು ಇಂದಿನ ತುರ್ತು ಅಗತ್ಯ.