ವರ್ಜೀನಿಯಾದ ಬಾಕಿ, ಗ್ಲಾಸ್ಗೋದ ಅಪ್ಪ, ನಮ್ಮ ಪಕ್ಕದ ಹೊಲ

(ಭಾಗ 1)

ಪಾವಗಡದಿಂದ ಮಡಕಶಿರಾ ಬಸ್ ಹತ್ತಿದೀರಾ ಯಾವಾಗಾದ್ರೂ? ಕಿಟಕಿ ಪಕ್ಕ ಕೂತು ನೋಡ್ತಾ ಹೋಗಿ. ಅದೇ ಕೆಂಪು ನೆಲ, ಅದೇ ಕಡಲೆಕಾಯಿ ಹೊಲ, ಅದೇ ಬೋಳು ಬಂಡೆಯ ಬೆಟ್ಟ. ಬೋರ್ಡು ಮಾತ್ರ ತೆಲುಗಾಗುತ್ತೆ. ಮಧುಗಿರಿಯವರಿಗೆ ಹಿಂದೂಪುರದ ದಾರಿಯೂ ಹಾಗೇ. ಮಳೆ ಇಲ್ಲದಿದ್ರೆ ಎರಡೂ ಕಡೆ ಇಲ್ಲ, ಬಂದ್ರೆ ಎರಡೂ ಕಡೆ ಬರುತ್ತೆ.

ಈ ಗೆರೆಯ ಬೇರು ಇರೋದು 1799ರಲ್ಲಿ. ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಗೆದ್ದವರು ಮೈಸೂರು ಸೀಮೆಯನ್ನು ಹಂಚಿಕೊಂಡ್ರು. ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಮೈಸೂರು ಮಹಾರಾಜರ ಕಡೆ ಉಳೀತು. ಮಡಕಶಿರಾ, ಪೆನುಕೊಂಡದ ಕಡೆ ನಿಜಾಮನ ಪಾಲಿಗೆ ಹೋಯ್ತು. ಮುಂದಿನ ವರ್ಷವೇ, ಅಂದ್ರೆ 1800ರಲ್ಲಿ, ತನ್ನ ರಕ್ಷಣೆಗೆ ಇಟ್ಟಿದ್ದ ಕಂಪನಿ ಸೈನ್ಯದ ಖರ್ಚಿಗೆ ಅಂತ ನಿಜಾಮ ಅದನ್ನ ಕಂಪನಿಗೇ ಬಿಟ್ಟುಕೊಟ್ಟ.

ಇಷ್ಟು ಪಿಯುಸಿ ಪುಸ್ತಕದಲ್ಲೇ ಓದಿರ್ತೀರ. ಆ ಹಂಚಿಕೆಗೆ ಓಡಾಡಿದವರಲ್ಲೇ ಒಬ್ಬ ಅದು ಸರಿಯಿಲ್ಲ ಅಂತ ತನ್ನ ಅಪ್ಪನಿಗೆ ಪತ್ರ ಬರೆದಿದ್ದ. ಅದು ಪುಸ್ತಕದಲ್ಲಿ ಇರಲಿಲ್ಲ. ಇವತ್ತಿನ ಕಥೆ ಆ ಅಪ್ಪ-ಮಗನದು. ಉದ್ದ ಇದೆ, ಕಾಮೆಂಟಲ್ಲೂ ಮುಂದುವರಿಸ್ತೀನಿ, ಬೈಬೇಡಿ.

(ಭಾಗ 2)

ಅಪ್ಪನ ಹೆಸರು ಅಲೆಕ್ಸಾಂಡರ್ ಮನ್ರೋ. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ವ್ಯಾಪಾರಿ. ವ್ಯಾಪಾರ ಇದ್ದದ್ದು ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ವರ್ಜೀನಿಯಾ ಜೊತೆ. ಸರಕು ತಂಬಾಕು. ಆ ಕಾಲಕ್ಕೆ ಗ್ಲಾಸ್ಗೋ ಅಂದ್ರೇನೇ ತಂಬಾಕು. 1770ರ ದಶಕದ ಶುರುವಿನಲ್ಲಿ ವರ್ಷಕ್ಕೆ 4 ಕೋಟಿ ಪೌಂಡ್ ತೂಕಕ್ಕೂ ಹೆಚ್ಚು ಬಂದು ಇಳೀತಿತ್ತು.

ವ್ಯಾಪಾರ ನಡೀತಿದ್ದ ರೀತಿ ಬಿಕಾಂ ಕ್ಲಾಸಿನವರು ಸ್ವಲ್ಪ ಗಮನ ಕೊಟ್ಟು ಕೇಳಿ. ಸ್ಕಾಟ್ಲೆಂಡಿನ ಅಂಗಡಿಯವರು ವರ್ಜೀನಿಯಾದ ಬೆಳೆಗಾರರಿಗೆ ಬಟ್ಟೆ, ಹಾರೆ, ಪಾತ್ರೆ ಎಲ್ಲಾ ಸಾಲಕ್ಕೆ ಕೊಡೋರು. ಮುಂದಿನ ತಂಬಾಕು ಬೆಳೆ ಬಂದಾಗ ಚುಕ್ತಾ. ಅಂದ್ರೆ ಲೆಡ್ಜರ್ ತುಂಬಾ ಸಂಡ್ರಿ ಡೆಟರ್ಸ್. ನಮ್ಮ ಮಂಡಿಗಳಲ್ಲಿ ಬೀಜ, ಗೊಬ್ಬರ ಸಾಲಕ್ಕೆ ಕೊಟ್ಟು ಬೆಳೆ ಬಂದಾಗ ಮುರ್ಕೊಳ್ತಾರಲ್ಲ, ಹೆಚ್ಚು ಕಡಿಮೆ ಅದೇ. (ಆ ತಂಬಾಕು ಬೆಳೀತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಬ್ಯಾಲೆನ್ಸ್ ಶೀಟಲ್ಲಿ ಅದು ಕಾಣಲ್ಲ.)

1775ಕ್ಕೆ ಅಮೆರಿಕದವರು ಬ್ರಿಟನ್ ವಿರುದ್ಧ ಯುದ್ಧಕ್ಕೆ ನಿಂತ್ರು. ಬಾಕಿ ಬರೋದು ನಿಂತೋಯ್ತು. ಡೌಟ್‌ಫುಲ್ ಅಲ್ಲ, ನೇರವಾಗಿ ಬ್ಯಾಡ್ ಡೆಟ್. ಮನ್ರೋ ಮನೆ ದಿವಾಳಿ.

ಮಗ ಥಾಮಸ್ ಹುಟ್ಟಿದ್ದು 1761ರಲ್ಲಿ. ಗ್ಲಾಸ್ಗೋ ಯೂನಿವರ್ಸಿಟಿಯಲ್ಲಿ ಓದಿ, ವ್ಯಾಪಾರಿಗಳ ಲೆಕ್ಕದ ಆಫೀಸಿನಲ್ಲಿ ಕೆಲಸ ಕಲೀತಿದ್ದ ಹುಡುಗ. ಮನೆ ಮುಳುಗಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದ. ವಯಸ್ಸು 18. ನಮ್ಮಲ್ಲಿ ಅರ್ಧ ಜನಕ್ಕಿಂತ ಚಿಕ್ಕವನು. ಅಮೆರಿಕದಲ್ಲಿ ಒಂದು ಸಾಲ ವಸೂಲಾಗಲಿಲ್ಲ ಅಂತ ನಮ್ಮ ಕಡೆಗೆ ಒಬ್ಬ ಕಂದಾಯ ವಸೂಲಿಗಾರ ಬಂದ. ಇದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

(ಭಾಗ 3)

ಬಂದವನು ಬರೆಯೋದಕ್ಕೆ ಶುರು ಮಾಡಿದ. ಅಪ್ಪನಿಗೆ, ಅಮ್ಮನಿಗೆ, ತಂಗಿ ಅರ್ಸ್ಕಿನ್‌ಗೆ. ಹಡಗು ಆಫ್ರಿಕಾದ ತುದಿ ಸುತ್ತಿ, ಅಟ್ಲಾಂಟಿಕ್ ಹಾದು ಸ್ಕಾಟ್ಲೆಂಡ್ ಮುಟ್ಟೋಕೆ ಐದಾರು ತಿಂಗಳು. ಉತ್ತರ ಬರೋ ಹೊತ್ತಿಗೆ ವರ್ಷ. ನಾವಿಲ್ಲಿ ಬ್ಲೂ ಟಿಕ್ ಬಂದು ಹತ್ತು ನಿಮಿಷ ರಿಪ್ಲೈ ಇಲ್ಲಾಂದ್ರೆ ಮುನಿಸ್ಕೊಳ್ತೀವಿ.

1789ರಲ್ಲಿ ತಂಗಿಗೆ ಬರೆದ ಒಂದು ಪತ್ರ ನನಗೆ ತುಂಬಾ ಇಷ್ಟ. ಇಂಡಿಯಾ ಅಂದ್ರೆ ಸುಖವೋ ಸುಖ ಅಂತ ಅವಳು ಅಂದ್ಕೊಂಡಿದ್ದಳು. ಇವನು ಉಲ್ಟಾ ಹೇಳ್ತಾನೆ: ಹಸಿವು, ಬಾಯಾರಿಕೆ, ದಣಿವು, ಬಡತನ ಏನು ಅಂತ ಗೊತ್ತಾಗಿದ್ದೇ ಇಲ್ಲಿ. ಮೊದಲ ಮೂರು ವರ್ಷ ತಲೆದಿಂಬು ಅಂದ್ರೆ ಪುಸ್ತಕ, ಇಲ್ಲಾ ತೋಟಾ ಚೀಲ. ಆ ಸಂಬಳದಲ್ಲೇ ಉಳಿಸಿ ಅಪ್ಪನಿಗೆ ದುಡ್ಡು ಕಳಿಸ್ತಿದ್ದ. ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಮನೆಗೆ ಫೋನ್‌ಪೇ ಮಾಡೋ ಅಣ್ಣಂದಿರು ನಿಮಗೂ ಇರ್ತಾರೆ.

ಇಲ್ಲಿಗೇ ನಿಲ್ಲಿಸಿದ್ರೆ ಅಯ್ಯೋ ಪಾಪ ಅನ್ನಬಹುದಿತ್ತು. ಅಪ್ಪನಿಗೆ ಬರೆದ ಪತ್ರಗಳು ಬೇರೆ ಥರ. ಅವು ಪೂರ್ತಿ ರಾಜಕೀಯ. 1790ರ ಪತ್ರದಲ್ಲಿ ಮೈಸೂರಿನ ಆಡಳಿತ ವರ್ಣಿಸ್ತಾನೆ: ಒಬ್ಬನೇ ದೊರೆಯ ಕೈಯಲ್ಲಿ ಎಲ್ಲಾ ಅಧಿಕಾರ, ಆದ್ರೆ ಹೈದರ್ ಕಟ್ಟಿದ ಶಿಸ್ತು ಪ್ರತಿಯೊಂದು ಇಲಾಖೆಯಲ್ಲೂ ಇದೆ ಅಂತ. ಶತ್ರುವನ್ನ ಇಷ್ಟು ಮೆಚ್ಚೋದು ಯಾಕೆ? ಕಂಪನಿಯವರು ಟಿಪ್ಪುವನ್ನ ಹಗುರವಾಗಿ ತಗೊಂಡಿದ್ದಾರೆ, ಇವನನ್ನ ಮುಗಿಸದೆ ಬಿಟ್ಟರೆ ನಮಗೆ ಉಳಿಗಾಲ ಇಲ್ಲ ಅನ್ನೋದಕ್ಕೆ. 1792ರಲ್ಲಿ ಕಾರ್ನ್‌ವಾಲಿಸ್ ಟಿಪ್ಪು ಜೊತೆ ಒಪ್ಪಂದ ಮಾಡ್ಕೊಂಡಾಗ ಇವನಿಗೆ ಸಿಟ್ಟು.

1799ರಲ್ಲಿ ಮೈಸೂರು ಹಂಚೋಕೆ ಒಂದು ಕಮಿಷನ್ ಕೂತಿತ್ತಲ್ಲ, ಅದರ ಕಾರ್ಯದರ್ಶಿಗಳಲ್ಲಿ ಮನ್ರೋ ಒಬ್ಬ, ಜಾನ್ ಮಾಲ್ಕಮ್ ಇನ್ನೊಬ್ಬ. ಆಗ ಅಪ್ಪನಿಗೆ ಬರೆದಿದ್ದರ ಸಾರಾಂಶ ಇದು: ನನ್ನ ಮಾತು ನಡೆಯೋ ಹಾಗಿದ್ರೆ ಮೈಸೂರಿಗೆ ರಾಜನೇ ಇರುತ್ತಿರಲಿಲ್ಲ, ಮೂಲೆಯಲ್ಲಿದ್ದ ಮಗುವನ್ನ ಕರ್ಕೊಂಡು ಬಂದು ಪಟ್ಟಕ್ಕೆ ಕೂರಿಸ್ತಿರಲಿಲ್ಲ, ದೇಶವನ್ನ ನಿಜಾಮನೂ ನಾವೂ ಸಮವಾಗಿ ಹಂಚ್ಕೊಳ್ತಿದ್ವಿ.

ಆ ಮಗು ಮುಮ್ಮಡಿ ಕೃಷ್ಣರಾಜ ಒಡೆಯರ್. ಆಗ ಐದು ವರ್ಷ.

ಒಂದ್ಸಲ ಯೋಚನೆ ಮಾಡಿ. ಇವನ ಮಾತು ನಡೆದಿದ್ರೆ ಸಿರಾ ಕೋಟೆ ಯಾರ ಲೆಕ್ಕಕ್ಕೆ ಹೋಗ್ತಿತ್ತೋ, ಪಾವಗಡ ಯಾವ ಜಿಲ್ಲೆಗೆ ಸೇರ್ತಿತ್ತೋ. ಮೂರು ಕಡೆ ಆಂಧ್ರ ಇಟ್ಕೊಂಡು "ನಾವು ತುಮಕೂರು ಜಿಲ್ಲೆಯವರು" ಅಂತ ಎಲ್ಲರಿಗೂ ವಿವರಿಸೋ ಪಾವಗಡದ ಫ್ರೆಂಡ್ಸ್‌ಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಇವನ್ನೆಲ್ಲ ಒಬ್ಬ ಮಗ ಮನೆಗೆ ಬರೆಯೋ ಪತ್ರದಲ್ಲಿ, ಅಪ್ಪನ ಕ್ಷೇಮ ಕೇಳೋ ಪತ್ರದಲ್ಲಿ, ಲೆಕ್ಕಾಚಾರ ಹಾಕಿ ಬರೆದಿದ್ದಾನೆ.

(ಭಾಗ 4)

ಆಮೇಲೆ ಮನ್ರೋನ ಕೆನರಾಕ್ಕೆ, ಅಂದ್ರೆ ಈಗಿನ ಕರಾವಳಿಗೆ, ಕಲೆಕ್ಟರ್ ಮಾಡಿದ್ರು. ಮಳೆ ನೋಡಿ ರೋಸಿ ಹೋದ. (ನಮ್ಮ ಕಡೆಗೆ ಸ್ವಲ್ಪ ಕಳಿಸಬಾರದಿತ್ತಾ ಗುರು.) 1800ರ ಕೊನೆಗೆ ನಿಜಾಮ ಬಿಟ್ಟುಕೊಟ್ಟ ಸೀಮೆಗೆ, ಬಳ್ಳಾರಿ, ಅನಂತಪುರ, ಕಡಪದ ಕಡೆಗೆ, ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದ. 1807ರವರೆಗೆ ಏಳು ವರ್ಷ ನಮ್ಮ ಪಕ್ಕದಲ್ಲೇ ಇದ್ದ. ಅಲ್ಲಿದ್ದ ಸುಮಾರು 80 ಪಾಳೇಗಾರರನ್ನ ಅಡಗಿಸಿದ. ಕೆಲವರಿಗೆ ಪಿಂಚಣಿ, ಕೆಲವರಿಗೆ ಗಡೀಪಾರು. ಇದು ಅತಿಯಾಯ್ತು ಅಂತ ಲಂಡನ್ನಿನ ನಿರ್ದೇಶಕರೇ ಆಕ್ಷೇಪ ತೆಗೆದ್ರು.

ಪಾಳೇಗಾರ, ಜಮೀನ್ದಾರ ಯಾರೂ ನಡುವೆ ಬೇಡ, ರೈತನ ಹೆಸರಿಗೇ ಪಟ್ಟಾ, ರೈತನಿಂದಲೇ ಕಂದಾಯ. ಇದೇ ರೈತವಾರಿ. ಅದಕ್ಕೆ ಹೊಲ ಹೊಲ ಅಳೀಬೇಕು. ಅವನ ಸರ್ವೆಯವರ ಸರಪಳಿ 33 ಅಡಿ. ಈಗ ನಿಮ್ಮ ಮನೆ ಪಹಣಿ ತೆಗೀರಿ. ಎಕರೆ ಪಕ್ಕದಲ್ಲಿ ಗುಂಟೆ ಅಂತ ಇದೆಯಲ್ಲ, ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ. ಅಂಥ 40 ಸೇರಿದ್ರೆ ಎಕರೆ. ಗಡಿ ಬೇರೆ, ಅಳತೆ ಒಂದೇ.

ಇನ್ನು ದರ. ಒಂದು ಲೆಕ್ಕ ಮಾಡೋಣ. ಹೊಲದಲ್ಲಿ 100 ಸೇರು ರಾಗಿ ಬಂತು ಅನ್ಕೊಳ್ಳಿ. ಅವನ ಅಂದಾಜಿನ ಪ್ರಕಾರವೇ ಸರ್ಕಾರದ ಪಾಲು ಸುಮಾರು 45 ಸೇರು. ಬೀಜ, ಎತ್ತಿನ ಮೇವು, ಹೊಟ್ಟೆಪಾಡು ಎಲ್ಲಾ ಉಳಿದ 55ರಲ್ಲಿ. ನಡುವೆ 1803-04ರ ಬರ ಬೇರೆ. ಆದ್ರೂ ಏಳು ವರ್ಷದಲ್ಲಿ ವಸೂಲಿ ಹೆಚ್ಚುಕಡಿಮೆ ಅರ್ಧದಷ್ಟು ಏರಿತ್ತು. ಕಂಪನಿಗೆ ಖುಷಿಯೋ ಖುಷಿ.

ಹೋಗುವಾಗ, 1807ರಲ್ಲಿ, ಅವನೇ ಬರೆದುಕೊಟ್ಟ: ಈ ದರ ಜಾಸ್ತಿ, ಕಾಲುಭಾಗ ಇಳಿಸಿ, ಮೂರರಲ್ಲಿ ಒಂದು ಪಾಲು ಸಾಕು. ಮದರಾಸಿನವರು ಒಪ್ಪಲಿಲ್ಲ. ರೈತವಾರಿಯನ್ನೇ ಬಿಟ್ಟು ಊರಿಗೆ ಊರೇ ಗುತ್ತಿಗೆ ಕೊಟ್ರು. 1820ರಲ್ಲಿ ಇವನೇ ಮದರಾಸಿನ ಗವರ್ನರ್ ಆಗಿ ಬಂದ ಮೇಲೆ ಆ ಕಾಲುಭಾಗ ಇಳೀತು. ರೈತನಿಗೆ ಹದಿಮೂರು ವರ್ಷ ಕಾಯೋದು ಅಂದ್ರೆ ಏನು ಅಂತ ನಾನು ಹೇಳಬೇಕಾಗಿಲ್ಲ.

ಹಾಗಾದ್ರೆ ಒಳ್ಳೆಯವನಾ ಕೆಟ್ಟವನಾ? ನನ್ನ ರೂಮ್‌ಮೇಟ್ ಹಿಂದೂಪುರದ ಕಡೆಯವನು. ಅವರ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಡ್ತಿದ್ರು, ಗೊತ್ತಾ ಅಂತ ನನ್ನ ಜೊತೆ ಜಗಳಕ್ಕೇ ಬಂದ. ಅದು ನಿಜ, ಇಡ್ತಿದ್ರು. ಆದ್ರೂ 45 ಸೇರು ಎತ್ಕೊಂಡು ಹೋಗಿದ್ದೂ ನಿಜ. ನನಗೆ ಅನ್ಸೋದು, ದರ ಜಾಸ್ತಿ ಅಂತ ಗೊತ್ತಿದ್ದೂ ವಸೂಲಿ ಮಾಡ್ತಾನೇ ಇದ್ದನಲ್ಲ, ಅದನ್ನ ಮರೀಬಾರದು.

(ಭಾಗ 5)

ಬಿಕಾಂನವರಿಗೆ ಬೋನಸ್. 1813ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಇವನನ್ನ ಕರೆಸಿ ಕೇಳಿತು: ನಮ್ಮ ಸರಕು ಇಂಡಿಯಾದಲ್ಲಿ ಓಡುತ್ತಾ? ಓಡಲ್ಲ ಅಂದ. ಇಂಡಿಯಾದ ಒಂದು ಶಾಲು ಏಳು ವರ್ಷ ಹೊದ್ದಿದ್ದೀನಿ, ಸವೆದೇ ಇಲ್ಲ, ಯುರೋಪಿನ ಶಾಲು ಸುಮ್ಮನೆ ಕೊಟ್ಟರೂ ಬೇಡ ಅಂದ. ನಾಗರಿಕತೆಯೇ ವ್ಯಾಪಾರದ ಸರಕಾದ್ರೆ ಅದನ್ನ ಆಮದು ಮಾಡ್ಕೊಂಡು ಲಾಭ ಪಡೆಯೋರು ಇಂಗ್ಲೆಂಡಿನವರೇ ಅಂತಲೂ ಹೇಳಿದ. ವ್ಯಾಪಾರಿಯ ಮಗ ತಾನೆ. ಆಮೇಲೆ ಮಿಲ್ ಬಟ್ಟೆ ಬಂದು ನಮ್ಮ ನೇಕಾರರ ಮಗ್ಗಗಳನ್ನ ಏನು ಮಾಡ್ತು ಅನ್ನೋದು ಇನ್ನೊಂದು ಪೋಸ್ಟ್.

1827ರಲ್ಲಿ ಊರಿಗೆ ಹೊರಡೋ ಮುಂಚೆ ತನ್ನ ಹಳೇ ಸೀಮೆ ಒಂದ್ಸಲ ನೋಡ್ಬೇಕು ಅಂತ ಹೊರಟ. ಜುಲೈ 6, ಕರ್ನೂಲು ಕಡೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. 1830ರಲ್ಲಿ ಗ್ಲೀಗ್ ಅನ್ನೋರು ಅವನ ಪತ್ರಗಳನ್ನ ಸೇರಿಸಿ ಜೀವನಚರಿತ್ರೆ ಅಚ್ಚು ಹಾಕಿಸಿದ್ರು. ಅದಕ್ಕೇ ಅವನ ತಲೆದಿಂಬು ಯಾವುದಿತ್ತು ಅಂತ ಇವತ್ತು ನನಗೂ ನಿಮಗೂ ಗೊತ್ತು.

45 ಸೇರು ಅಳೆದುಕೊಟ್ಟವನ ತಲೆದಿಂಬು ಯಾವುದು ಅಂತ ಆ ಪತ್ರಗಳಲ್ಲಿ ಇಲ್ಲ. ನಮ್ಮ ತಾತನ ಟ್ರಂಕಿನಲ್ಲಿ ಹಳೇ ಕಂದಾಯದ ರಸೀದಿಗಳ ಒಂದು ಕಟ್ಟು ಇದೆ, ಗೆದ್ದಲು ಹಿಡಿದು ಅಂಚೆಲ್ಲ ಹೋಗಿದೆ. ಹೆಬ್ಬೆಟ್ಟಿನ ಗುರುತು ಮಾತ್ರ ಚೆನ್ನಾಗಿ ಕಾಣುತ್ತೆ. ತಾತನನ್ನ ಕೇಳಿದ್ರೆ "ಅದೇನ್ ಓದ್ತೀಯೋ ಮಗಾ, ಕಟ್ಟಿದ್ವಿ ಅಷ್ಟೇ" ಅಂದ್ರು.

ಪಾವಗಡದ ತಿರುಮಣಿಯಲ್ಲಿ ಸೋಲಾರ್ ಪಾರ್ಕಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಲೀಸ್ ಶುರುವಾಯ್ತಲ್ಲ, ಆ ಲೀಸ್ ಕಾಗದ ಮನೇಲಿ ಇರೋರು ಅದನ್ನೂ ಜೋಪಾನ ಮಾಡಿ. ಹಳೇ ಪಟ್ಟಾ, ರಸೀದಿ, ಕಾಗದ ಏನೇ ಇದ್ರೂ ಸರ್ವೆ ನಂಬರ್ ಮುಚ್ಚಿ ಒಂದು ಫೋಟೋ ತೆಗೆದು ನನಗೆ ಕಳಿಸಿ. ಮುಂದಿನ ವಾರ ಅವನ್ನೇ ಹಾಕ್ತೀನಿ. ಮೊದಲನೇದು ತಾತನದು.

#ಮಧುಗಿರಿ #ಸಿರಾ #ಕೊರಟಗೆರೆ #ಪಾವಗಡ #ನಮ್ಮೂರ_ಇತಿಹಾಸ